ಅಳತೆಯ ತುತ್ತು

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬುಗುರಿ ಎಂದು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಕಾಫಿ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುವವಳು. "ದೇವರು ಇವಳ ಕಾಲಿಗೆ ಚಕ್ರ ಕಟ್ಟಿದಾನೆ, ಬ್ರೇಕ್ ಹಾಕೋದು ಮರೆತಿದಾನೆ" ಎಂದು ಅವಳ ಗಂಡ ನಗುತ್ತಿದ್ದ. ಅವನು ಲಿಫ್ಟ್ ರಿಪೇರಿಯವನು. ಬ್ರೇಕಿನ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

ಅವಳದು ಆಲ್ಟರೇಷನ್ ಅಂಗಡಿ. ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಾದ, ಅರ್ಧ ನೆಲದೊಳಗೆ ಹೂತುಹೋದಂತಿರುವ ಒಂದು ಕೋಣೆ. ಕಿಟಕಿಯಲ್ಲಿ ಜನರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಯಾರ ಪ್ಯಾಂಟು ನೆಲ ಗುಡಿಸುತ್ತಿದೆ, ಯಾರದು ಕಣಕಾಲಿನ ಮೇಲೇ ನಿಂತಿದೆ, ಯಾರ ಸ್ಕರ್ಟಿನ ಅಂಚು ಬಿಟ್ಟಿದೆ ಎಂದು ಮೆಷಿನ್ ತುಳಿಯುತ್ತಲೇ ಅವಳು ಲೆಕ್ಕ ಹಾಕುತ್ತಿದ್ದಳು. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಸಡಿಲವಾದದ್ದನ್ನು ಹಿಡಿಯುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು. ಹೊಸ ಬಟ್ಟೆ ಹೊಲಿದುಕೊಡಿ ಎಂದರೆ ಮಾತ್ರ ಕೈ ಎತ್ತಿಬಿಡುತ್ತಿದ್ದಳು. ಒಂದು ಕೋಟನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಬೇಕಾದರೆ ಎಷ್ಟು ಹೊತ್ತು ಒಂದೇ ಕಡೆ ಕೂರಬೇಕು! ಅವಳ ತಾಳ್ಮೆ ಒಂದು ಜಿಪ್ಪಿನಷ್ಟು ಉದ್ದವಿತ್ತು, ಅದಕ್ಕಿಂತ ಒಂದು ಗೇಣೂ ಹೆಚ್ಚಿರಲಿಲ್ಲ.

ಮೊದಲಿನಿಂದಲೂ ಹೀಗೇ ಇದ್ದಳೇ ಎಂದರೆ, ಇಲ್ಲ. ಅದನ್ನು ಹೇಳಬೇಕಾದರೆ ಅವಳ ಅಮ್ಮನ ಅಡುಗೆಮನೆಯ ತಕ್ಕಡಿಯಿಂದ ಶುರು ಮಾಡಬೇಕು.

ಬುಗುರಿ ಹುಟ್ಟಿದ ವಾರದಲ್ಲೇ ಆಸ್ಪತ್ರೆಯವರು ಹಿಮ್ಮಡಿ ಚುಚ್ಚಿ ರಕ್ತ ತೆಗೆದು, ಈ ಮಗುವಿನ ದೇಹಕ್ಕೆ ಒಂದು ವಸ್ತುವನ್ನು ಅರಗಿಸುವ ಶಕ್ತಿ ಇಲ್ಲ ಎಂದಿದ್ದರು. ವಸ್ತುವಿನ ಹೆಸರು ಫಿನೈಲಲನಿನ್. ಹಾಲು, ಮೊಟ್ಟೆ, ಮಾಂಸ, ಬೇಳೆ, ಕಾಳು, ಬ್ರೆಡ್ಡು, ಯಾವುದರಲ್ಲಿ ಪ್ರೋಟೀನ್ ಇದೆಯೋ ಅದರಲ್ಲೆಲ್ಲ ಅದಿದೆ. ಮನುಷ್ಯನಿಗೆ ಅದು ಬೇಕೇ ಬೇಕು, ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆದರೆ ಈ ಮಗುವಿಗೆ ಬೇಕಾದಷ್ಟೇ ಕೊಡಬೇಕು. ಜಾಸ್ತಿಯಾದದ್ದು ರಕ್ತದಲ್ಲಿ ನಿಂತು, ಬೆಳೆಯುವ ಮಿದುಳನ್ನು ಹಾಳು ಮಾಡುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಾವು ಗಾದೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆ ತಾಯಿ ಗಾದೆಯನ್ನು ತಕ್ಕಡಿಯಲ್ಲಿ ತೂಗಿ ತಟ್ಟೆಗೆ ಹಾಕಬೇಕಾಯಿತು.

ತೂಗಿದಳು. ಆಲೂಗಡ್ಡೆ ತೂಗಿದಳು, ಬಟಾಣಿ ಎಣಿಸಿದಳು. ಹಸಿವು ಹಿಂಗದ ಭಾಗಕ್ಕೆ ಆಸ್ಪತ್ರೆಯ ಪುಡಿ ಕಲಸಿ ಕುಡಿಸಿದಳು. ಆ ಒಂದು ವಸ್ತು ಬಿಟ್ಟು ಮಿಕ್ಕ ಸತ್ವವೆಲ್ಲ ಇದ್ದ ಪುಡಿ ಅದು. ವಾಸನೆಯೋ, ಒದ್ದೆ ಸಾಕ್ಸನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ತೆಗೆದ ಹಾಗೆ. ಮಗು ಮೂಗು ಹಿಡಿದುಕೊಂಡು ಕುಡಿಯುತ್ತಿತ್ತು. ಶಾಲೆಯಲ್ಲಿ ಮಿಕ್ಕ ಮಕ್ಕಳು ಬೇಯಿಸಿದ ಮೊಟ್ಟೆ ಸುಲಿಯುವಾಗ ಇವಳು ಡಬ್ಬಿ ತೆರೆದು ಸೇಬಿನ ಹೋಳು ತಿನ್ನುತ್ತಿದ್ದಳು. ಆಗ ಅವಳನ್ನು ಯಾರೂ ಬುಗುರಿ ಎನ್ನುತ್ತಿರಲಿಲ್ಲ. ಚಿತ್ರ ಬರೆಯಲು ಕೂತರೆ ಮಧ್ಯಾಹ್ನ ಸಂಜೆಯಾದದ್ದು ತಿಳಿಯದ ಹುಡುಗಿ ಅವಳು.

ಹನ್ನೆರಡು ತುಂಬಿದಾಗ ಡಾಕ್ಟರು ಹೇಳಿದರು: "ಮಿದುಳು ಬೆಳೆದಾಯ್ತು. ಇನ್ನು ಪಥ್ಯ ಬೇಡ, ಎಲ್ಲರ ಹಾಗೆ ತಿನ್ನಲಿ." ಆ ಕಾಲದಲ್ಲಿ ಬಹಳ ಡಾಕ್ಟರುಗಳು ಹಾಗೇ ನಂಬಿದ್ದರು. ಅಮ್ಮ ಆಸ್ಪತ್ರೆಯ ಬಾಗಿಲಲ್ಲೇ ಅತ್ತಳು. ಮನೆಗೆ ಬಂದವಳೇ ತಕ್ಕಡಿಯನ್ನು ಅಟ್ಟಕ್ಕೆ ಎಸೆದು, ಒಲೆಯ ಮೇಲೆ ಮೊಟ್ಟೆ ಇಟ್ಟಳು. ಬೆಂದ ಮೊಟ್ಟೆಯನ್ನು ಉಪ್ಪು ಹಾಕಿ ಮಗಳ ಬಾಯಿಗೆ ತಾನೇ ಇಟ್ಟಳು. ಅಷ್ಟು ಸಂತೋಷವಾಗಿದ್ದ ಅಮ್ಮನನ್ನು ಬುಗುರಿ ಮತ್ತೆಂದೂ ನೋಡಲಿಲ್ಲ.

ಅದರ ಮುಂದಿನ ವರ್ಷಗಳಲ್ಲಿ ಬುಗುರಿ ಬುಗುರಿಯಾದಳು. ಪುಸ್ತಕ ಹಿಡಿದರೆ ಅಕ್ಷರ ಓಡುತ್ತಿದ್ದವು. ಮೂಗಿನ ತುದಿಯಲ್ಲೇ ಸಿಟ್ಟು. ಕಾಲೇಜು ಅರ್ಧಕ್ಕೆ ಬಿಟ್ಟಳು, ಟೈಪಿಂಗ್ ಬಿಟ್ಟಳು, ಚಪ್ಪಲಿ ಅಂಗಡಿಯ ಕೆಲಸ ಬಿಟ್ಟಳು, ಒಬ್ಬಳು ಒಳ್ಳೆ ಗೆಳತಿಯನ್ನೂ ಯಾವುದೋ ಛತ್ರಿಯ ಜಗಳದಲ್ಲಿ ಬಿಟ್ಟಳು. ವಯಸ್ಸಿನ ಹುಡುಗಿ, ಹಾಗೇ ಎಂದರು. ಆಮೇಲೆ ಸೋಮಾರಿ ಎಂದರು. ಆಮೇಲೆ ಅವಳ ಸ್ವಭಾವವೇ ಅಂಥದ್ದು ಎಂದು ಒಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟುಬಿಟ್ಟರು. ಒಬ್ಬರ ಸ್ವಭಾವದ ಬಗ್ಗೆ ತೀರ್ಪು ಕೊಡುವುದು ಎಷ್ಟು ಸುಲಭ ನೋಡಿ. ಅದಕ್ಕೆ ರಕ್ತಪರೀಕ್ಷೆ ಕೂಡ ಬೇಕಿಲ್ಲ.

ಮದುವೆಯಾಯಿತು. ಗಂಡನಿಗೆ ಹಳೆಯ ಪಥ್ಯದ ವಿಷಯ ಹೇಳಿದ್ದಳು. ಅವನೂ ಕೇಳಿ ಮರೆತಿದ್ದ, ಚಿಕ್ಕಂದಿನಲ್ಲಿ ಕೈ ಮುರಿದುಕೊಂಡ ಕಥೆಯನ್ನು ಮರೆಯುವ ಹಾಗೆ. ಅತ್ತೆಗೆ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅತ್ತೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ನೂರಾರು ಜನರ ಹೊಟ್ಟೆ ತುಂಬಿಸಿದ ಕೈ. ಅವಳಿಗೆ ಪ್ರೀತಿ, ಕೋಪ, ಸಮಾಧಾನ, ಎಲ್ಲವೂ ಸೌಟಿನಲ್ಲೇ. ಮಗ ಸೊಸೆ ಜಗಳವಾಡಿದ ದಿನ ಇಬ್ಬರ ತಟ್ಟೆಗೂ ಒಂದೊಂದು ಮೊಟ್ಟೆ ಹೆಚ್ಚು ಬೀಳುತ್ತಿತ್ತು.

ಬುಗುರಿ ಬಸುರಿಯಾದಳು ಎಂದು ಗೊತ್ತಾದ ದಿನ ಅತ್ತೆ ದೊಡ್ಡ ಲೋಟದ ತುಂಬ ಹಾಲು ತಂದಿಟ್ಟಳು. "ಕುಡಿ. ಇನ್ಮೇಲೆ ನಿನ್ನ ಹೊಟ್ಟೆಗೆ ಎರಡು ಬಾಯಿ."

ಕುಡಿದಳು.

ಮಾರನೆಯ ವಾರ ಆಸ್ಪತ್ರೆಯಲ್ಲಿ ನರ್ಸು ಹಳೆಯ ಕಾಯಿಲೆಗಳನ್ನು ಕೇಳುತ್ತ ಹೋದಳು. ಬುಗುರಿ ಕುರ್ಚಿಯ ಅಂಚಿನಲ್ಲಿ ಕಾಲು ಕುಣಿಸುತ್ತ ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದವಳು, ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಚಿಕ್ಕವಳಿದ್ದಾಗ ಏನೋ ಪಥ್ಯ ಇತ್ತು, ಈಗಿಲ್ಲ" ಎಂದಳು. ನರ್ಸಿನ ಮುಖ ಬದಲಾಯಿತು. ಮತ್ತೆ ಕೂರಿಸಿದರು. ರಕ್ತ ತೆಗೆದರು. ಅಲ್ಲಿಂದ ಅವಳನ್ನು ಮೇಲಿನ ಮಹಡಿಗೆ, ಇಂಥ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮನ ಬಳಿಗೆ ಕಳಿಸಿದರು. ಎಲ್ಲರೂ ಆಕೆಯನ್ನು ಪಥ್ಯದ ಡಾಕ್ಟರು ಎನ್ನುತ್ತಿದ್ದರು. ಕನ್ನಡಕ ಹಣೆಗೇರಿಸಿಕೊಂಡು, ಸುತ್ತಿಬಳಸದೆ ಮಾತಾಡುವ ಹೆಂಗಸು.

"ಮಗುಗೆ ನಿಮ್ಮ ಕಾಯಿಲೆ ಬರೋ ಸಾಧ್ಯತೆ ಕಡಿಮೆ" ಎಂದರು ಆಕೆ. "ಆದ್ರೆ ಮಗು ಇರೋದು ನಿಮ್ಮೊಳಗೆ. ನಿಮ್ಮ ರಕ್ತದಲ್ಲಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಅದರ ರಕ್ತಕ್ಕೆ ಹೋಗುತ್ತೆ. ಮಿದುಳು, ಹೃದಯ ಆಗ್ತಾ ಇರೋದೇ ಈಗ. ಪಥ್ಯ ಬಿಡಬಾರ್ದಿತ್ತು. ಬಿಡಿಸಿದ್ದು ನಿಮ್ಮ ತಪ್ಪಲ್ಲ, ಆಗ ನಮ್ಮೋರಿಗೇ ಗೊತ್ತಿರ್ಲಿಲ್ಲ. ಈಗ ಬೇಗ ಇಳಿಸ್ಬೇಕು. ಇಳಿಸಿದ್ರೆ ಮಗು ಚೆನ್ನಾಗಿರುತ್ತೆ ಅನ್ನೋ ಭರವಸೆ ಇದೆ."

"ಇಳೀದಿದ್ರೆ?"

"ತಲೆ ಚಿಕ್ಕದಾಗಬಹುದು. ಬುದ್ಧಿ ಬೆಳೀದೇ ಇರಬಹುದು. ಹೃದಯದಲ್ಲಿ ದೋಷ ಬರಬಹುದು. ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ."

ಹೆದರಿಸಲು ಹೇಳದೆ ಇದ್ದರೂ ಹೆದರಿಕೆ ಬಂದೇ ಬಂತು. ಆಸ್ಪತ್ರೆಯಿಂದ ಮನೆಗೆ ಬಸ್ಸಿನಲ್ಲಿ ಬರಬೇಕಾದವಳು ನಡೆದೇ ಬಂದಳು. ಬಸ್ಸಿನಲ್ಲಿ ಕೂರುವುದು ಅವಳಿಂದ ಸಾಧ್ಯವಿರಲಿಲ್ಲ. ಒಂದೊಂದು ಅಂಗಡಿಯ ಮುಂದೂ ತಾನು ಈ ತಿಂಗಳು ತಿಂದದ್ದು ನೆನಪಾಯಿತು. ಮೊಟ್ಟೆ. ಮೀನು. ಹಾಲು, ಹಾಲು, ಹಾಲು. ತಪ್ಪಾಗಿ ಹಾಕಿದ ಹೊಲಿಗೆಯನ್ನು ಬಿಚ್ಚಿ ಸರಿಪಡಿಸುವುದೇ ಅವಳ ಕಸುಬು. ಇಲ್ಲಿ ಬಿಚ್ಚಲು ದಾರದ ತುದಿ ಎಲ್ಲೂ ಸಿಗಲಿಲ್ಲ.

ಮನೆಯಲ್ಲಿ ವಿಷಯ ತಿಳಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಫಿನಾಯಿಲ್ಲಾ? ನೆಲ ಒರೆಸೋದಾ?" ಮಗ ಬಿಡಿಸಿ ಹೇಳಿದ. ಅತ್ತೆ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ಬೇರೆ, ಮನಸ್ಸಿಗೆ ಹೋದದ್ದು ಬೇರೆ. "ಹಾಲು ಕೂಡ ಬೇಡ್ವಾ? ಹಾಲಿಲ್ದೆ ಮಗು ಮೂಳೆ ಹೇಗೆ ಗಟ್ಟಿಯಾಗುತ್ತೆ? ಮೊಟ್ಟೆ ಅರ್ಧ? ಬೇಳೆ ತಿಳಿ?" ಪ್ರತಿ ಪ್ರಶ್ನೆಗೂ ಬುಗುರಿ ಬೇಡ ಎಂದಳು. ಕೊನೆಗೆ ಅತ್ತೆ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, "ಸರಿ, ಏನು ಬೇಕು ಹೇಳು, ಅದನ್ನೇ ಮಾಡ್ತೀನಿ" ಎಂದಳು. ಇಡೀ ಬದುಕು ಹೊಟ್ಟೆ ತುಂಬಿಸಿ ಬಂದವಳಿಗೆ, ಬಸುರಿ ಸೊಸೆಗೆ ತೂಗಿದ ಆಲೂಗಡ್ಡೆ ಬೇಯಿಸಿ ಕೊಡುವುದು ಎಷ್ಟು ಕಷ್ಟವಾಗಿರಬೇಕು ಎಂದು ಆಗ ಯಾರೂ ಯೋಚಿಸಲಿಲ್ಲ.

ಅಮ್ಮನ ಮನೆಯ ಅಟ್ಟದಿಂದ ತಕ್ಕಡಿ ಇಳಿದು ಬಂತು. ಪುಡಿಯ ಡಬ್ಬಿಗಳು ಬಂದವು. ವಾಸನೆ ಇಷ್ಟು ವರ್ಷವಾದರೂ ಒಂದಿಷ್ಟೂ ಸುಧಾರಿಸಿರಲಿಲ್ಲ. ದಿನಕ್ಕೆ ಹಲವು ಸಲ ಕುಡಿಯಬೇಕು, ಹಣ್ಣು ತರಕಾರಿ ಅಳತೆಯಂತೆ ತಿನ್ನಬೇಕು, ಸಕ್ಕರೆ, ಎಣ್ಣೆ, ಪ್ರೋಟೀನ್ ತೆಗೆದ ಹಿಟ್ಟಿನ ರೊಟ್ಟಿ ಹೊಟ್ಟೆ ತುಂಬ ತಿನ್ನಬಹುದು. ವಾರವಾರ ಬೆರಳು ಚುಚ್ಚಿ ದಪ್ಪ ಕಾಗದದ ಮೇಲೆ ರಕ್ತದ ಬೊಟ್ಟುಗಳನ್ನು ಒತ್ತಿ ಕಳಿಸಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಊಟ. ಅಳತೆಗಿಂತ ಹೆಚ್ಚು ತಿನ್ನಬೇಡಿ, ಕಡಿಮೆಯೂ ತಿನ್ನಬೇಡಿ ಎಂದು ಪಥ್ಯದ ಡಾಕ್ಟರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಬುಗುರಿಯ ಕಿವಿಗೆ ಹೋದದ್ದು ಮೊದಲಿನದು ಮಾತ್ರ.

ಆತುರಗಾರನಿಗೆ ಬುದ್ಧಿ ಮಟ್ಟ. ಬುಗುರಿಗೆ ಇಳಿಯಬೇಕಿತ್ತು, ಬೇಗ ಇಳಿಯಬೇಕಿತ್ತು, ನಾಳೆಯೇ ಇಳಿಯಬೇಕಿತ್ತು. ವಿಷ ಊಟದಿಂದ ಬರುವುದಾದರೆ ಊಟವನ್ನೇ ಕತ್ತರಿಸಿದರಾಯಿತು ಎಂದು ಅವಳ ಲೆಕ್ಕ. ಬಟ್ಟೆ ಉದ್ದವಾದರೆ ಕತ್ತರಿಸುವುದು, ಇನ್ನೂ ಉದ್ದವಾದರೆ ಇನ್ನೂ ಕತ್ತರಿಸುವುದು. ತೂಗಿಕೊಟ್ಟ ಆಲೂಗಡ್ಡೆಯಲ್ಲಿ ಅರ್ಧ ಪಕ್ಕಕ್ಕೆ ಸರಿಸಿದಳು. ಅಂಗಡಿಗೆ ಕಟ್ಟಿಕೊಟ್ಟ ರೊಟ್ಟಿಯನ್ನು ಹಾಗೇ ಬಿಟ್ಟಳು. ಪುಡಿ ಕುಡಿದರೆ ವಾಂತಿಯಾಗುತ್ತಿತ್ತು, ಅದನ್ನೂ ಕಡಿಮೆ ಮಾಡಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ತಿನ್ನು ಎನ್ನುತ್ತಾರೆ. ತಿನ್ನು ಎಂಬ ಮಾತೇ ಅವಳಿಗೆ ಶತ್ರುವಾಗಿತ್ತು.

ಹಸಿವಿನ ಜೊತೆಗೆ ಚಡಪಡಿಕೆ ಸೇರಿದರೆ ಕೇಳಬೇಕೆ. ಸೂಜಿಗೆ ದಾರ ಪೋಣಿಸಲು ಬೇಸರವಾಗಿ ಎದ್ದು ಮೆಟ್ಟಿಲು ಹತ್ತುವಳು, ರಸ್ತೆ ನೋಡಿ ಇಳಿಯುವಳು, ಕತ್ತರಿ ಎಲ್ಲಿಟ್ಟೆ ಎಂದು ಹುಡುಕುವಳು, ಅದು ಅವಳ ಕೈಯಲ್ಲೇ ಇರುವುದು. ಒಬ್ಬ ಗಿರಾಕಿಯ ಪ್ಯಾಂಟಿನ ಒಂದು ಕಾಲನ್ನು ಗಿಡ್ಡ ಮಾಡಿ, ಇನ್ನೊಂದನ್ನು ಹಾಗೇ ಮಡಿಸಿ ಕೊಟ್ಟುಬಿಟ್ಟಳು. ಆತ ಮನೆಗೆ ಹೋಗಿ ಹಾಕಿಕೊಂಡು ವಾಪಸ್ಸು ಬಂದು, "ಅಮ್ಮಾ, ನಾನು ಎರಡೂ ಕಾಲಲ್ಲಿ ನಡೀತೀನಿ" ಎಂದ. ಬೇರೆ ದಿನವಾದರೆ ನಗುತ್ತಿದ್ದಳು. ಅಂದು ಪ್ಯಾಂಟು ಕಿತ್ತುಕೊಂಡು ಕತ್ತರಿ ಹಿಡಿದ ಅವಳ ಮುಖ ನೋಡಿ ಆತ ಮೆಟ್ಟಿಲ ಮೇಲೆಯೇ ಕಾದ.

ರಕ್ತದ ಫಲಿತಾಂಶ ಫೋನಿನಲ್ಲಿ ಬರುತ್ತಿತ್ತು. ಮೊದಲ ಸಲ ಸ್ವಲ್ಪ ಇಳಿದಿತ್ತು. ಎರಡನೆಯ ಸಲ ಅಲ್ಲೇ ನಿಂತಿತ್ತು. ಅದಾದ ಮೇಲಿನ ವಾರ ಅಂಗಡಿಯ ಫೋನು ಬಡಿದುಕೊಂಡಾಗ ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು.

"ಏರಿದೆ" ಎಂದರು ಪಥ್ಯದ ಡಾಕ್ಟರು. "ಏನಾದ್ರೂ ತಿಂದ್ರಾ? ಗೊತ್ತಿಲ್ದೆ ಏನಾದ್ರೂ ಹೊಟ್ಟೆಗೆ ಹೋಗ್ತಾ ಇದೆಯಾ? ನಾಳೆ ಬೆಳಿಗ್ಗೆನೇ ಬನ್ನಿ."

ತಿಂದಳೇ? ಏನನ್ನೂ ತಿಂದಿಲ್ಲ! ಹಸಿದು ಹಸಿದು ಕಣ್ಣು ಕತ್ತಲೆ ಬರುತ್ತಿದೆ. ಹಾಗಿದ್ದರೆ ಎಲ್ಲಿಂದ? ಅವಳಾಗಿ ತಿನ್ನದಿದ್ದರೆ, ಯಾರೋ ತಿನ್ನಿಸುತ್ತಿದ್ದಾರೆ. ಮೊನ್ನೆ ಅತ್ತೆ ಆಲೂಗಡ್ಡೆ ಕಿವುಚುವಾಗ ತಾನು ಒಳಗೆ ಹೋದದ್ದೇ ತಡ ಬೆನ್ನು ತಿರುಗಿಸಿದ್ದು ನೆನಪಾಯಿತು. ಹಾಲಿಲ್ಲದೆ ಮೂಳೆ ಹೇಗೆ ಗಟ್ಟಿಯಾಗುತ್ತೆ ಎಂದದ್ದು ನೆನಪಾಯಿತು. ಆಲೂಗಡ್ಡೆ ಈಚೆಗೆ ತುಸು ಹೆಚ್ಚು ಬೆಳ್ಳಗಿತ್ತಲ್ಲವೇ? ಸಂಶಯಕ್ಕೆ ಒಂದು ಸಾಕ್ಷಿ ಸಿಕ್ಕರೆ ಮಿಕ್ಕ ಸಾಕ್ಷಿಗಳು ತಾವಾಗಿ ಬಂದು ಸಾಲು ನಿಲ್ಲುತ್ತವೆ. ಅಂಗಡಿಗೆ ಬೀಗ ಹಾಕಿದಳೋ ಇಲ್ಲವೋ ಅವಳಿಗೆ ತಿಳಿಯದು, ಆ ಕೋಟು ಹೆಗಲ ಮೇಲಿದ್ದಂತೆಯೇ ಮನೆಗೆ ಓಡಿದಳು.

ಅತ್ತೆ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಸೊಸೆಯ ಚಿಕ್ಕ ಪಾತ್ರೆ, ಪಕ್ಕದಲ್ಲಿ ಮಿಕ್ಕವರ ಹಾಲಿನ ಪಾತ್ರೆ.

"ಏನು ಹಾಕಿದೀರಿ ಇದಕ್ಕೆ?"

"ಏನು ಹಾಕ್ತಾರೆ? ಆಲೂಗಡ್ಡೆ, ಉಪ್ಪು, ಎಣ್ಣೆ. ಯಾಕೆ ಹೀಗೆ ಏದುಸಿರು ಬಿಡ್ತಿದೀಯ, ಕೂತ್ಕೋ."

"ಹಾಲು ಹಾಕಿದೀರಿ. ನಂಗೊತ್ತು. ಮೊದಲ್ನಿಂದ್ಲೂ ನಿಮ್ಗೆ ನಂಬಿಕೆ ಇಲ್ಲ. ಡಾಕ್ಟರು ಫೋನ್ ಮಾಡಿದ್ರು, ಏರಿದೆ ಅಂತೆ. ನಾನು ಏನೂ ತಿಂದಿಲ್ಲ. ಈ ಮನೇಲಿ ನನ್ನ ತಟ್ಟೆ ಮುಟ್ಟೋದು ನೀವೊಬ್ರೇ!"

ಅತ್ತೆ ಸೌಟು ಕೆಳಗಿಟ್ಟಳು. "ನಾನು ಯಾಕೆ ಹಾಕ್ಲಿ?"

"ನನ್ನ ಮಗುಗೆ ವಿಷ ಹಾಕ್ತಿದೀರಿ ನೀವು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬುಗುರಿ ಅಷ್ಟಕ್ಕೂ ನಿಲ್ಲದೆ ಪಾತ್ರೆಯನ್ನು ಎತ್ತಿ ಸಿಂಕಿಗೆ ಕವುಚಿದಳು. ಬಿಸಿ ಆಲೂಗಡ್ಡೆಯ ಮುದ್ದೆ ಹಬೆಯಾಡುತ್ತ ಬಿತ್ತು. ಅತ್ತೆ ಅದನ್ನೇ ನೋಡುತ್ತಿದ್ದಳು. ಆಮೇಲೆ ಸೊಂಟದ ಏಪ್ರನ್ ಬಿಚ್ಚಿ, ಮಡಿಸಿ, ಮೊಳೆಗೆ ಹಾಕದೆ ಕಟ್ಟೆಯ ಮೇಲಿಟ್ಟು, ಹೊರಗಿನ ಕೋಣೆಗೆ ಹೋಗಿ ಕಿಟಕಿಯ ಬಳಿ ಕೂತಳು. ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ ಬುಗುರಿಗೆ ಎಷ್ಟೋ ಮೇಲಿತ್ತು.

ಸಂಜೆ ಗಂಡ ಬಂದಾಗ ಒಲೆ ತಣ್ಣಗಿತ್ತು. ಹೆಂಡತಿ ಒಂದು ಕೋಣೆಯಲ್ಲಿ ಓಡಾಡುತ್ತಿದ್ದಳು, ತಾಯಿ ಇನ್ನೊಂದು ಕೋಣೆಯಲ್ಲಿ ಅಲುಗಾಡದೆ ಕೂತಿದ್ದಳು. ಅವನು ಇಬ್ಬರ ನಡುವೆ ಎರಡು ಮಹಡಿಗಳ ಮಧ್ಯೆ ಸಿಕ್ಕಿಬಿದ್ದ ಲಿಫ್ಟಿನಂತೆ ನಿಂತ. ಕೊನೆಗೆ ತಾನೇ ಅಕ್ಕಿ ಇಟ್ಟು ತಳ ಹಿಡಿಸಿದ.

ಮರುದಿನ ಬುಗುರಿಯ ಅಮ್ಮ ಅವಳ ಜೊತೆ ಆಸ್ಪತ್ರೆಗೆ ಬಂದಳು. ದಾರಿಯುದ್ದಕ್ಕೂ ಬುಗುರಿ ಅತ್ತೆಯ ಮೇಲೆ ಒಂದಕ್ಕೆರಡು ಸೇರಿಸಿ ಹೇಳಿದಳು.

ಪಥ್ಯದ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಎದ್ದು ನಿಲ್ಲಿ ಎಂದರು. ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ ಅವಳ ಸೊಂಟದ ಬಳಿ ಬಗ್ಗಿ ನೋಡಿದರು.

"ಈ ಸ್ಕರ್ಟಿನ ಸೊಂಟ ಹಿಡಿಸಿದ್ದು ಯಾರು? ಹೊಲಿಗೆ ಹೊಸದಾಗಿದೆ."

"ನಾನೇ" ಎಂದಳು ಬುಗುರಿ. "ಜಾರ್ತಾ ಇತ್ತು, ಹಿಡಿದೆ. ಅದು ನನ್ನ ಕೆಲ್ಸ."

"ಒಂದೇ ಸಲನಾ?"

ಬುಗುರಿ ಬಗ್ಗಿ ನೋಡಿಕೊಂಡಳು. ಒಳಗಿನ ಸಾಲು ಹಳೆಯದು, ಅದರ ಪಕ್ಕದ್ದು ಹೊಸದು. "ಎರಡು ಸಲ."

"ಬಸುರಿ ಹೆಂಗಸರು ಸೊಂಟ ಸಡಿಲ ಮಾಡಿಸ್ಕೊಳ್ಳೋಕೆ ನಿಮ್ಮ ಅಂಗಡಿಗೆ ಬರ್ತಾರಲ್ವಾ? ಹಿಡಿಸ್ಕೊಳ್ಳೋಕೆ ಯಾರಾದ್ರೂ ಬಂದಿದಾರಾ?"

ಬುಗುರಿ ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದಳು. ದಿನವಿಡೀ ಬೇರೆಯವರ ಸೊಂಟ ಅಳೆಯುವವಳು, ತನ್ನ ಬಟ್ಟೆ ಸಡಿಲವಾದಾಗ ಬಟ್ಟೆಯನ್ನು ಸರಿ ಮಾಡಿದ್ದಳು. ಬಟ್ಟೆ ಯಾಕೆ ಸಡಿಲವಾಯಿತು ಎಂದು ಕೇಳಿಕೊಳ್ಳಲೇ ಇಲ್ಲ. ಕೈಗೆ ಅಭ್ಯಾಸವಾದ ಕೆಲಸಕ್ಕೆ ತಲೆ ಬೇಕಾಗುವುದಿಲ್ಲ.

"ಎಷ್ಟು ತಿಂತಿದೀರಿ, ನಿಜ ಹೇಳಿ."

ಹೇಳಿದಳು. ಅರ್ಧ ಸರಿಸಿದ್ದು, ರೊಟ್ಟಿ ಬಿಟ್ಟದ್ದು, ಪುಡಿ ಕಡಿಮೆ ಮಾಡಿದ್ದು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ನೋಡಿ" ಎಂದರು ಡಾಕ್ಟರು, "ಊಟ ನಿಲ್ಸಿದ್ರೆ ದೇಹ ಸುಮ್ನೆ ಕೂರಲ್ಲ. ಅದಕ್ಕೆ ಬೇಕಾಗಿದ್ದನ್ನ ತನ್ನ ಮಾಂಸ ಕರಗಿಸಿ ತಗೊಳ್ಳುತ್ತೆ. ನಿಮ್ಮ ಮಾಂಸದಲ್ಲಿ ಏನಿದೆ? ಹಾಲಲ್ಲಿ, ಮೊಟ್ಟೆಲಿ ಇರೋದೇ ಇದೆ. ಆ ಫಿನೈಲಲನಿನ್ ಎಲ್ಲಾ ಬಿಡುಗಡೆಯಾಗಿ ರಕ್ತಕ್ಕೆ ಬಂದಿದೆ. ಹೊರಗಿಂದ ಯಾವ ಕಳ್ಳನೂ ಬಂದಿಲ್ಲಮ್ಮ. ನಿಮ್ಮನ್ನ ನೀವೇ ತಿಂತಾ ಇದೀರಿ. ಅದೂ ಮಗುಗೆ ಬಡಿಸ್ಕೊಂಡು."

ಬುಗುರಿಗೆ ಮೊದಲು ಕಾಣಿಸಿದ್ದು ಮಗುವಲ್ಲ. ಸಿಂಕಿನಲ್ಲಿ ಹಬೆಯಾಡುತ್ತಿದ್ದ ಆಲೂಗಡ್ಡೆ. ಅದರಲ್ಲಿ ಉಪ್ಪು, ಎಣ್ಣೆ ಬಿಟ್ಟು ಇನ್ನೇನೂ ಇರಲಿಲ್ಲ. ಅದನ್ನು ತಿಂದಿದ್ದರೆ ಇಳಿಯುತ್ತಿತ್ತು. ಅವಳಿಗೆ ನಾಚಿಕೆಯಾಯಿತು, ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆ.

ಮನೆಗೆ ಬಂದವಳೇ ಕಿಟಕಿಯ ಬಳಿ ಹೋಗಿ ನಿಂತಳು. "ಅತ್ತೆ, ತಪ್ಪಾಯ್ತು. ನೀವೇನೂ ಹಾಕಿರ್ಲಿಲ್ಲ. ನಾನೇ ತಿಂತಿರ್ಲಿಲ್ಲ, ಅದಕ್ಕೇ ಏರಿದ್ದು."

"ಹಾಗಾ? ಆಯ್ತು ಬಿಡು" ಎಂದಳು ಅತ್ತೆ. "ಸರಿಯಾಗಿ ತಿನ್ನು."

ಬಿಡು ಎಂದವರೆಲ್ಲ ಬಿಟ್ಟಿರುವುದಿಲ್ಲ. ಅತ್ತೆ ಮತ್ತೆ ಅಡುಗೆಮನೆಗೆ ಹೋದಳು, ಮಗನಿಗೆ, ತನಗೆ ಮಾಡಿಕೊಂಡಳು. ಸೊಸೆಯ ತಕ್ಕಡಿಯನ್ನು, ಸೊಸೆಯ ಪಾತ್ರೆಯನ್ನು, ಸೊಸೆಯ ಹಿಟ್ಟಿನ ಡಬ್ಬಿಯನ್ನು ಮುಟ್ಟಲಿಲ್ಲ. "ನಿಮ್ಮಮ್ಮ ಬಂದು ಮಾಡ್ಲಿ, ಅವರಿಗೆ ಅಭ್ಯಾಸ ಇದೆ" ಎಂದಳು, ಸಿಟ್ಟಿನ ಒಂದೆಳೆಯೂ ಇಲ್ಲದ ದನಿಯಲ್ಲಿ. ಅಂದಿನಿಂದ ಅಮ್ಮ ದಿನಾ ಬಂದಳು. ಮೂಗು ಹಿಡಿದುಕೊಂಡು ಪುಡಿ ಕುಡಿಯುವ ಮಗಳ ಎದುರು, ಲೋಟ ಖಾಲಿಯಾಗುವವರೆಗೆ ಕೂತಳು. ಬುಗುರಿ ತಿಂದಳು. ರುಚಿಗೆ ಅಲ್ಲ, ಹಸಿವಿಗೂ ಅಲ್ಲ, ಹೆದರಿಕೆಗೆ ತಿಂದಳು.

ಇಳಿಯಿತು. ಮುಂದಿನ ವಾರ ಇನ್ನಷ್ಟು ಇಳಿಯಿತು. ಆಮೇಲೆ ಬೇಕಾದ ಮಟ್ಟಕ್ಕೆ ಬಂದು, ಸಣ್ಣಪುಟ್ಟ ಏರಿಳಿತದಲ್ಲಿ ಅಲ್ಲೇ ನಿಂತಿತು.

ಆಗ ಒಂದು ವಿಚಿತ್ರ ನಡೆಯಿತು. ಒಂದು ಮಧ್ಯಾಹ್ನ ಯಾರದೋ ಉದ್ದನೆಯ ಪರದೆಯ ಅಂಚು ಹೊಲಿಯುತ್ತಿದ್ದವಳು ತಲೆ ಎತ್ತಿದರೆ ಕಿಟಕಿಯಲ್ಲಿ ಬೀದಿದೀಪದ ಬೆಳಕು ಬಿದ್ದಿತ್ತು. ಪರದೆ ಮುಗಿದಿತ್ತು. ನಡುವೆ ಒಂದು ಸಲವೂ ಎದ್ದಿರಲಿಲ್ಲ. ಕಾಲು ಕುಣಿಯುತ್ತಿರಲಿಲ್ಲ. ತಲೆಯೊಳಗೆ ಸದಾ ತಿರುಗುತ್ತಿದ್ದ ಏನೋ ಒಂದು ನಿಂತಂತಿತ್ತು. ಅವಳಿಗೆ ಖುಷಿಯಾಗಬೇಕಿತ್ತು, ಆದರೆ ಹೆದರಿಕೆಯಾಯಿತು. ಇಷ್ಟು ವರ್ಷ ಯಾರನ್ನು ನಾನು ಎಂದುಕೊಂಡಿದ್ದೆ? ಕಾಲೇಜು ಬಿಟ್ಟವಳು ಯಾರು? ಛತ್ರಿಗಾಗಿ ಗೆಳತಿಯ ಜೊತೆ ಜಗಳವಾಡಿದವಳು ಯಾರು? ಸಿಂಕಿಗೆ ಪಾತ್ರೆ ಕವುಚಿದವಳು? ರಕ್ತದಲ್ಲಿ ಜಾಸ್ತಿಯಾಗಿದ್ದ ಒಂದು ವಸ್ತು ಎಂದು ಹೇಳಿಬಿಡಬಹುದಿತ್ತು. ಪಥ್ಯದ ಡಾಕ್ಟರೂ ಅದು ಜಾಸ್ತಿಯಿದ್ದರೆ ಚಡಪಡಿಕೆ, ಸಿಟ್ಟು ಇರುತ್ತದೆ ಎಂದು ಒಪ್ಪಿಕೊಂಡರು. ಆದರೆ ಅತ್ತೆಯ ಎದುರು ನಿಂತು, ಬೈದದ್ದು ನಾನಲ್ಲ, ನನ್ನ ರಕ್ತ ಎಂದು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹೇಳಿದ ನಾಲಿಗೆ ಅವಳದೇ ಆಗಿತ್ತು.

ಅಮ್ಮನಿಗೆ ಮಾತ್ರ ಹೇಳಿದಳು, ಪರದೆಯ ವಿಷಯ. ಅಮ್ಮ ಆಲೂಗಡ್ಡೆ ತೂಗುತ್ತಿದ್ದಳು. ತಕ್ಕಡಿಯ ತಟ್ಟೆ ನಿಲ್ಲುವವರೆಗೆ ಕಾದು ಕೇಳಿದಳು: "ಅಂದ್ರೆ ಅವತ್ತು ಮೊಟ್ಟೆ ಕೊಟ್ನಲ್ಲ, ಅಲ್ಲಿಂದ್ಲೇ?"

"ಡಾಕ್ಟರು ಕೊಡಿ ಅಂದ್ರು, ನೀನು ಕೊಟ್ಟೆ ಅಮ್ಮ."

"ನಾನು ಎಷ್ಟು ಖುಷಿಯಾಗಿ ಕೊಟ್ಟೆ ಕಣೇ." ಅಮ್ಮ ಹಿಂಗೈಯಿಂದಲೇ ಮೂಗು ಒರೆಸಿಕೊಂಡಳು. ಬುಗುರಿ ಎದ್ದು ಹೋಗಲಿಲ್ಲ. ಪಕ್ಕದಲ್ಲೇ ಕೂತಿದ್ದಳು.

ಆದರೆ ರಕ್ತ ಶಾಂತವಾದ ಮಾತ್ರಕ್ಕೆ ಮನಸ್ಸು ಶಾಂತವಾಗಬೇಕಲ್ಲ. ಮೊದಲಿನ ಚಡಪಡಿಕೆಗೆ ಕಾರಣ ರಕ್ತದಲ್ಲಿತ್ತು, ಈಗಿನದಕ್ಕೆ ನೆನಪಿನಲ್ಲಿತ್ತು. ಆ ಮೊದಲ ವಾರಗಳು. ಲೋಟಗಟ್ಟಲೆ ಹಾಲಿನ ದಿನಗಳು, ತನ್ನನ್ನೇ ತಿಂದ ದಿನಗಳು. ಅವು ಒಳಗೆ ಏನು ಮಾಡಿ ಹೋಗಿವೆ? ಸ್ಕ್ಯಾನಿನ ಪರದೆಯಲ್ಲಿ ಡಾಕ್ಟರು ಮಗುವಿನ ತಲೆ ತೋರಿಸಿ ಸರಿಯಿದೆ ಎಂದರು. ಅವಳು ನಂಬಿದಳು, ಬಾಗಿಲು ದಾಟುವವರೆಗೆ. ರಸ್ತೆಯಲ್ಲಿ ಮತ್ತೆ ಕೇಳುತ್ತಿದ್ದಳು, "ರೀ, ಅವರು ಸರಿಯಿದೆ ಅಂದ್ರಾ, ಸರಿಯಿರ್ಬಹುದು ಅಂದ್ರಾ?" ಗಂಡ ಪ್ರತಿ ಸಲವೂ, "ಸರಿಯಿದೆ ಅಂದ್ರು" ಎನ್ನುತ್ತಿದ್ದ. ಪಾಪ, ಅವನಿಗೂ ಗೊತ್ತಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಅತ್ತಿತು, ಜೋರಾಗಿ ಅತ್ತಿತು. ಹೆರಿಗೆಯ ಸುಸ್ತಿನಲ್ಲೂ ಬುಗುರಿ ಕೇಳಿದ್ದು ಒಂದೇ, "ತಲೆ ಅಳೀರಿ." ನರ್ಸು ಟೇಪು ಸುತ್ತಿ, ಓದಿ ಹೇಳಿದಳು. "ಇನ್ನೊಂದ್ಸಲ ಅಳೀರಿ, ಟೇಪು ಹಿಂದೆ ಮೇಲಕ್ಕೆ ಹೋಗಿದೆ" ಎಂದಳು ಬುಗುರಿ. ನರ್ಸು ನಗುತ್ತ ಮತ್ತೆ ಅಳೆದಳು. ಅದೇ ಅಳತೆ. ಸರಿಯಾದ ಅಳತೆ. ಹೃದಯಕ್ಕೆ ಕಿವಿಯಿಟ್ಟ ಡಾಕ್ಟರು ಚೆನ್ನಾಗಿದೆ ಎಂದರು. ಹಿಮ್ಮಡಿ ಚುಚ್ಚಿದರು, ಕಾದರು, ತಾಯಿಯ ಕಾಯಿಲೆ ಮಗುವಿಗೆ ಇಲ್ಲ ಎಂದರು. ಬೆಳೆಯುವಾಗ ನೋಡುತ್ತಿರಬೇಕು, ಆದರೆ ಇವತ್ತಿಗೆ ನೀವು ನಿದ್ದೆ ಮಾಡಬಹುದು ಎಂದರು ಪಥ್ಯದ ಡಾಕ್ಟರು. ಬುಗುರಿ ಹೊಟ್ಟೆಯ ಆಳದಿಂದ ಅತ್ತಳು. ಅಷ್ಟು ತಿಂಗಳು ಹಿಡಿದಿಟ್ಟ ಉಸಿರೆಲ್ಲ ಹೊರಗೆ ಬಂತು.

ಮನೆಗೆ ಬಂದ ದಿನ ಮಗುವನ್ನು ಮೊದಲು ಗಂಡ ಎತ್ತಿಕೊಂಡ, ಅಮೂಲ್ಯವಾದ ಯಂತ್ರದ ಭಾಗ ಹಿಡಿದವನಂತೆ ಮೊಣಕೈ ಬಿಗಿದು. ಆಮೇಲೆ ಅಮ್ಮ ಎತ್ತಿಕೊಂಡಳು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಇಣುಕಿ ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

"ಅತ್ತೆ, ಬನ್ನಿ, ಎತ್ಕೊಳ್ಳಿ."

ಅತ್ತೆ ತಿರುಗಿ ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದು ಬಂತು, ಬಹಳ ಹೊತ್ತು ಬಂತು. ಆಮೇಲೆ ಬಂದಳು. ನೂರಾರು ಜನರಿಗೆ ಉಣಿಸಿದ, ನೀರಿಗೆ ಸುಕ್ಕಾದ ಕೈಗಳು. ಹಾಸಿಗೆಯ ಬಳಿ ನಿಂತು ಅವೆರಡನ್ನೂ ಸೊಸೆಯ ಮುಂದೆ ಚಾಚಿ, ಅಂಗೈ ತೋರಿಸಿದಳು, ತಿರುಗಿಸಿ ಹಿಂಗೈ ತೋರಿಸಿದಳು.

"ನೋಡ್ಕೋ. ಏನೂ ಇಲ್ಲ."

ಕೊಂಕು ಇರಲಿಲ್ಲ ಆ ದನಿಯಲ್ಲಿ. ಚುಚ್ಚಬೇಕೆಂದು ಅಂದದ್ದಾಗಿದ್ದರೆ ತಡೆದುಕೊಳ್ಳಬಹುದಿತ್ತು. ನಿಜವಾಗಿಯೂ ನೋಡಿಕೊಳ್ಳಲಿ ಎಂದೇ ಆಕೆ ತೋರಿಸುತ್ತಿದ್ದಳು, ತನ್ನ ಮೊಮ್ಮಗಳನ್ನು ಮುಟ್ಟಲು ಅಪ್ಪಣೆ ಕೇಳುವವಳಂತೆ. ತಪ್ಪಾಯ್ತು ಎಂಬ ಮಾತನ್ನು ಬುಗುರಿ ಆಗಲೇ ಹೇಳಿಯಾಗಿತ್ತು. 'ಆಯ್ತು ಬಿಡು' ಎಂಬ ಉತ್ತರವೂ ಬಂದಾಗಿತ್ತು. ಅದಕ್ಕಿಂತ ದೊಡ್ಡ ಮಾತು ಅವಳಿಗೆ ಗೊತ್ತಿರಲಿಲ್ಲ. ಅವಳು ಅಮ್ಮನಿಂದ ಮಗುವನ್ನು ತೆಗೆದುಕೊಂಡು, ಇನ್ನೂ ಚಾಚಿಯೇ ಇದ್ದ ಆ ಒದ್ದೆ ಕೈಗಳ ಮೇಲೆ ಮಲಗಿಸಿದಳು.